ನಿಮಿಷಕ್ಕೆ ಹದಿನಾರು ಹನಿ: ಸಾರಿಗೆ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಅಧಿಕಾರಿಗಳೇ,

ಜನವರಿಯಲ್ಲಿ ನನಗೆ ಶಾಲು ಹೊದಿಸಿದವರು ನೀವು. ಫೆಬ್ರವರಿಯಲ್ಲಿ ನನ್ನ ಕಾರನ್ನು ಜಪ್ತಿ ಮಾಡಿಸಿದವರೂ ನೀವೇ. ಎರಡಕ್ಕೂ ಕಾರಣ ಒಂದೇ. ಸುಮಾರು ಮೂವತ್ತು ವರ್ಷದ ಹಳೆಯ ಅಂಬಾಸಿಡರ್ ಕಾರನ್ನು ಮನೆಯ ಅಂಗಳದಲ್ಲೇ ತಿದ್ದಿ, ಲೀಟರಿಗೆ ಎಂಟು ಕಿಲೋಮೀಟರು ಓಡುತ್ತಿದ್ದುದನ್ನು ಹನ್ನೆರಡು ಓಡುವಂತೆ ಮಾಡಿದ್ದೇ ನನ್ನ ಸಾಧನೆ, ಅದೇ ನನ್ನ ಅಪರಾಧ. ಮೂರು ಅರ್ಜಿ ಕೊಟ್ಟೆ. ನಾಲ್ಕು ಸಲ ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಎದ್ದು ಬಂದೆ. ನೀವು ಸಿಗಲಿಲ್ಲ. ನೀವು ಪತ್ರಿಕೆ ಓದುತ್ತೀರಿ ಎಂಬುದು ನಿಮ್ಮ ನೋಟೀಸಿನಿಂದಲೇ ಗೊತ್ತಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಕಾರು ಈ ಮಾರ್ಚ್ ತಿಂಗಳ ಹದಿನೈದರೊಳಗೆ ನನಗೆ ಬೇಕು. ಹದಿನೈದೇ ಯಾಕೆ ಎಂಬುದನ್ನೂ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಸಂತೆಬಾಚಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಮೂವತ್ತೆರಡು ವರ್ಷ ಸರ್ಕಾರಿ ದಾದಿಯಾಗಿದ್ದವಳು. ಮಂಗಳಮ್ಮ ಎಂಬ ಹೆಸರು ಪಿಂಚಣಿ ಕಾಗದದಲ್ಲಿ ಮಾತ್ರ ಇದೆ. ಊರಿಗೆಲ್ಲ ನಾನು ನರ್ಸಮ್ಮ. ನಮ್ಮ ಯಜಮಾನರು ಸೋಮಯ್ಯನವರು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿಯಾದಾಗ ಅವರ ಜೊತೆಯವರು ಸೈಟು ಕೊಂಡರು, ಇವರು ಈ ಕಾರು ಕೊಂಡರು. ಆಮೇಲೆ ಇವರ ದೃಷ್ಟಿ ಮಂದವಾಯಿತು. ನನ್ನ ಕೆಲಸ ಮುಗಿದ ಮರುವರ್ಷ ನಾನೇ ಸ್ಟೀರಿಂಗ್ ಹಿಡಿದೆ. ಲೈಸೆನ್ಸು ಕೊಟ್ಟದ್ದು ನಿಮ್ಮ ಕಚೇರಿಯೇ. ಆದರೆ ಕಾರು ಹೊರಗೆ ಹೊರಡುತ್ತಿದ್ದುದು ವರ್ಷಕ್ಕೆ ನಾಲ್ಕು ಮದುವೆಗೆ ಮಾತ್ರ. ಅದು ಪೆಟ್ರೋಲು ಕುಡಿಯುವ ರೀತಿ ನೋಡಿದರೆ ಮದುವೆಗೆ ಹೋಗುವ ಉತ್ಸಾಹವೂ ಇಳಿದುಹೋಗುತ್ತಿತ್ತು.

ಎರಡು ವರ್ಷದ ಹಿಂದೆ ನಮ್ಮ ಬೀದಿಯ ಚಿಕ್ಕಬೋರಮ್ಮನ ಸೊಸೆ ಸುನಿತಾಳಿಗೆ ಚೊಚ್ಚಲ ಹೆರಿಗೆಯ ನೋವು ಬಂತು. ಮುಟ್ಟಿ ನೋಡಿದೆ, ಕೂಸು ಅಡ್ಡವಾಗಿತ್ತು. ಮನೆಯಲ್ಲಿ ಆಗುವ ಹೆರಿಗೆಯಲ್ಲ ಅದು. ಊರಲ್ಲಿ ಫೋನಿಲ್ಲ, ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು. ನಮ್ಮ ಕಾರು ಅಂಗಳದಲ್ಲೇ ಇತ್ತು, ಟ್ಯಾಂಕಿನಲ್ಲಿ ಪೆಟ್ರೋಲಿರಲಿಲ್ಲ. ಆ ತಿಂಗಳು ಹಾಕಿಸಿದ್ದನ್ನು ಒಂದೇ ಮದುವೆಗೆ ಹೋಗಿಬಂದು ಮುಗಿಸಿತ್ತು. ಕೊನೆಗೆ ಸಕ್ಕರೆ ಕಾರ್ಖಾನೆ ಕಡೆ ಹೊರಟಿದ್ದ ಕಬ್ಬಿನ ಟ್ರಾಕ್ಟರು ನಿಲ್ಲಿಸಿ, ಕಬ್ಬಿನ ಮೇಲೆ ಕಂಬಳಿ ಹಾಸಿ ಅವಳನ್ನು ಮಲಗಿಸಿದೆವು. ಕೆ.ಆರ್. ಪೇಟೆಯ ಆಸ್ಪತ್ರೆ ಮುಟ್ಟಲು ಎರಡು ಗಂಟೆಯಾಯಿತು. ಆಪರೇಷನ್ ಮಾಡಿ ತಾಯಿಯನ್ನು ಉಳಿಸಿದರು. ಕೂಸು ಉಳಿಯಲಿಲ್ಲ.

ಚಿಕ್ಕಬೋರಮ್ಮ ನನ್ನನ್ನು ಬೈಯಲಿಲ್ಲ. "ಕಾರು ಮಡಿಕಂಡು ನೀನಾದ್ರೂ ಏನ್ ಮಾಡೀಯೆ ನರ್ಸಮ್ಮ, ಅದ್ರ ಒಟ್ಟೆ ತುಂಬ್ಸಕೆ ನಿನ್ ಪಿಂಚಣಿ ಸಾಲ್ದು, ಬುಡು" ಎಂದಳು. ಬೈದಿದ್ದರೇ ಚೆನ್ನಾಗಿತ್ತು. ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವಳು ನಾನು, ಒಂದು ಖಾಲಿ ಟ್ಯಾಂಕಿನ ಮುಂದೆ ಕೈಕಟ್ಟಿ ನಿಂತೆ. ಆ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ.

ಕಾರಿಗೆ ಕೈಹಾಕಿದ್ದು ಆಮೇಲೆ. ಮೊದಲು ತಲೆಯ ಮೇಲಿದ್ದ ಕಬ್ಬಿಣದ ಕ್ಯಾರಿಯರು ಇಳಿಸಿದೆವು. ಅದು ಈಗ ನಮ್ಮ ಮನೆಯ ಹೀರೇಬಳ್ಳಿಗೆ ಚಪ್ಪರವಾಗಿದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲು ಬರುವ ತೂತನ್ನು ಯಜಮಾನರು ಸಣ್ಣದು ಮಾಡಿದರು. ಪೆಟ್ರೋಲು ಕಮ್ಮಿಯಾದಾಗ ಇಂಜಿನ್ನು ಕಾದು ಟಕಟಕ ಬಡಿಯತೊಡಗಿತು. ಗಾಳಿಯ ಜೊತೆ ಒಂದಿಷ್ಟು ನೀರು ಒಳಗೆ ಬಿಟ್ಟರೆ ತಣ್ಣಗಾಗುತ್ತದೆ ಎಂದು ಕಾರ್ಖಾನೆಯಲ್ಲಿ ಯಾರೋ ಹಿರಿಯರು ಹೇಳಿದ್ದು ಇವರಿಗೆ ನೆನಪಿತ್ತು. ಎಷ್ಟು ನೀರು ಎಂಬುದು ಮಾತ್ರ ಗೊತ್ತಿರಲಿಲ್ಲ. ಹೆಚ್ಚಾದರೆ ಇಂಜಿನ್ನು ಕೆಮ್ಮುತ್ತದೆ, ಕಮ್ಮಿಯಾದರೆ ಬಡಿಯುತ್ತದೆ. ಹನಿ ಎಣಿಸುವುದು ನನಗೆ ಗೊತ್ತಿತ್ತು. ಒಂದು ಹಳೆಯ ಗ್ಲೂಕೋಸ್ ಬಾಟಲಿ ತಂದು ಬಾನೆಟ್ಟಿನೊಳಗೆ ತಲೆಕೆಳಗಾಗಿ ತೂಗುಹಾಕಿ, ರೋಗಿಗೆ ಹಾಕುವ ಡ್ರಿಪ್ಪಿನ ನಳಿಕೆಯನ್ನೇ ಕಾರಿಗೂ ಹಾಕಿದೆ.

ಮೊದಲ ದಿನ ನಾಲ್ಕು ಹನಿ ಬಿದ್ದು ನಿಂತುಹೋಯಿತು. ಇವರು ಸ್ಪ್ಯಾನರು ತಗೊಂಡು ಇಂಜಿನ್ನನ್ನೇ ಬಿಚ್ಚಲು ಹೊರಟರು. ನಾನು ಬಾಟಲಿಯ ಬಿರಡೆಗೆ ಇನ್ನೊಂದು ಸೂಜಿ ಚುಚ್ಚಿದೆ. ಒಳಗೆ ಗಾಳಿ ಹೋಗದಿದ್ದರೆ ಹನಿ ಬೀಳುವುದಿಲ್ಲ, ಇದು ಯಾವ ದಾದಿಗೂ ಗೊತ್ತಿರುವ ವಿಷಯ. "ಇವತ್ತು ಡ್ರಿಪ್ ಆಕ್ದೆ, ನಾಳೀಕೆ ಇದ್ಕೆ ಬಾಣಂತಿ ಪಥ್ಯಾನೂ ಮಾಡುಸ್ತೀಯೇನೆ?" ಎಂದರು ಇವರು. ಮೂರು ತಿಂಗಳು ಕೈಗಡಿಯಾರ ಹಿಡಿದು ದಿನಕ್ಕೊಂದು ಲೆಕ್ಕದಲ್ಲಿ ಹನಿ ಬಿಟ್ಟು ನೋಡಿದೆ. ನಮ್ಮ ಕಾರಿಗೆ ಒಗ್ಗಿದ್ದು ನಿಮಿಷಕ್ಕೆ ಹದಿನಾರು. ಗಾಡಿ ನಿಲ್ಲಿಸಿದ ಕೂಡಲೇ ಬಾಟಲಿಯ ನೀರು ಚೆಲ್ಲಿಬಿಡುವುದು ನನ್ನ ನಿಯಮ, ಇಲ್ಲದಿದ್ದರೆ ನಳಿಕೆಗೆ ಪಾಚಿ ಕಟ್ಟುತ್ತದೆ. ಈ ನಿಯಮವನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಲೀಟರಿಗೆ ಹನ್ನೆರಡು ಬಂದಮೇಲೆ ನನ್ನ ಪಿಂಚಣಿಯಲ್ಲಿ ಟ್ಯಾಂಕು ಬತ್ತದಂತೆ ನೋಡಿಕೊಳ್ಳುವುದು ಸಾಧ್ಯವಾಯಿತು. ಅಲ್ಲಿಂದೀಚೆಗೆ ಇಪ್ಪತ್ತಾರು ಬಸುರಿಯರು ಈ ಕಾರಿನಲ್ಲಿ ಆಸ್ಪತ್ರೆ ಸೇರಿದ್ದಾರೆ. ಯಾರೂ ಕಬ್ಬಿನ ಮೇಲೆ ಮಲಗಿ ಹೋಗಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಜನವರಿಯ ಇಂಧನ ಉಳಿತಾಯ ಸಪ್ತಾಹದಲ್ಲಿ ನೀವು ಒಂದು ಸ್ಪರ್ಧೆ ಇಟ್ಟಿರಿ. ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರ, ಕೆ.ಆರ್. ಪೇಟೆ ಹಾದು ನಾಗಮಂಗಲ ಮುಟ್ಟಬೇಕು, ಹಳೆಯ ಕಾರುಗಳಲ್ಲಿ ಯಾರದು ಕಮ್ಮಿ ಕುಡಿಯುತ್ತದೋ ಅವರಿಗೆ ಬಹುಮಾನ. ಗೆದ್ದದ್ದು ನಾನು. ನಾಗಮಂಗಲದ ವೇದಿಕೆಯಲ್ಲಿ ನೀವು ಮುಕ್ಕಾಲು ಗಂಟೆ ಮಾತಾಡಿದಿರಿ. "ಈ ತಾಯಿಯ ಹಾಗೆ ಮನೆಮನೆಯಲ್ಲೂ ಇಂಧನ ಉಳಿಸುವ ಪ್ರಯೋಗಗಳು ನಡೆಯಬೇಕು" ಎಂದಿರಿ. ಶಾಲು, ಹಾರ, ಒಂದು ಸ್ಟೀಲ್ ಕೊಡ, ಜೊತೆಗೆ ಪ್ರಶಸ್ತಿಪತ್ರ. ಬಾನೆಟ್ಟು ಎತ್ತಿಸಿ, ಗ್ಲೂಕೋಸ್ ಬಾಟಲಿಯನ್ನು ಬೆರಳಲ್ಲಿ ತೋರಿಸುತ್ತ ಫೋಟೋಗೆ ನಿಂತಿರಿ. ಫೋಟೋ ಚೆನ್ನಾಗಿ ಬಂದಿತ್ತು. ನಮ್ಮ ಯಜಮಾನರು ಅದನ್ನು ಕಣ್ಣಿಗೆ ಒತ್ತಿಕೊಳ್ಳುವಷ್ಟು ಹತ್ತಿರ ಹಿಡಿದು ನೋಡಿ, "ಸಾಹೇಬ್ರು ಒಳ್ಳೇರು ಕಣೆ" ಎಂದರು.

ಎರಡು ವಾರಕ್ಕೆ ನೋಟೀಸು ಬಂತು. ಪ್ರಶಸ್ತಿಪತ್ರದಲ್ಲಿ "ಸ್ವಗೃಹದಲ್ಲೇ ಕೈಗೊಂಡ ಮಾರ್ಪಾಡಿಗಾಗಿ" ಎಂದಿತ್ತು. ನೋಟೀಸಿನಲ್ಲಿ "ಸ್ವಗೃಹದಲ್ಲೇ ಕೈಗೊಂಡ ಅನಧಿಕೃತ ಮಾರ್ಪಾಡಿಗಾಗಿ" ಎಂದಿದೆ. ಒಂದು ಪದ ಬಿಟ್ಟರೆ ಅದೇ ಒಕ್ಕಣೆ, ಅದೇ ಮೊಹರು, ಅದೇ ರುಜು. ಅಪರಾಧಕ್ಕೆ ಸಾಕ್ಷಿಯಾಗಿ ಲಗತ್ತಿಸಿದ್ದು ಯಾವುದು ಗೊತ್ತೇ? ಪತ್ರಿಕೆಯಲ್ಲಿ ಬಂದ ಅದೇ ಫೋಟೋ. ಅದರಲ್ಲಿ ಅಪರಾಧದ ಕಡೆ ಬೆರಳು ತೋರಿಸಿ ನಗುತ್ತಿರುವವರು ಯಾರು ಎಂಬುದನ್ನು ನೋಟೀಸು ಹೇಳುವುದಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಮಾತು ಕೇಳಿದ್ದೆ. ನೀವು ಪುರಾಣ ಕೇಳಿದವಳನ್ನೇ ಹಿಡಿದು ಬದನೆಕಾಯಿ ಯಾಕೆ ತಿನ್ನಲಿಲ್ಲ ಎಂದು ಕೇಸು ಹಾಕಿದ್ದೀರಿ.

ಕಾನೂನೇ ಬೇಡ ಎನ್ನುವವಳಲ್ಲ ನಾನು. ಕಂಡಕಂಡವರು ಕಂಡಕಂಡದ್ದನ್ನು ಇಂಜಿನ್ನಿಗೆ ಸಿಕ್ಕಿಸಿದರೆ ಅಪಾಯವೇ. ಬನ್ನಿ, ಪರೀಕ್ಷೆ ಮಾಡಿ, ತಪ್ಪಿದ್ದರೆ ತೋರಿಸಿ, ಕಟ್ಟುನಿಟ್ಟಾಗಿ ಬರೆದುಕೊಡಿ. ನೀವು ಕೇಳಿದ್ದು ಅದಲ್ಲ, "ವಾಹನವನ್ನು ಮೂಲ ರೂಪಕ್ಕೆ ತರತಕ್ಕದ್ದು" ಎಂದಿರಿ. ಸ್ವಾಮಿ, ಇದರ ಮೂಲ ರೂಪ ಕಂಡವರು ಯಾರು? ಎಡಗಡೆಯ ಬಾಗಿಲು ಮೈಸೂರಿನ ಗುಜರಿಯದು. ಹಾರ್ನು ಯಾವುದೋ ಲಾರಿಯದು. ಹಿಂದಿನ ಸೀಟನ್ನು ಹೊಲಿದದ್ದು ಪಾಂಡವಪುರದಲ್ಲಿ ಹಾಸಿಗೆ ಹೊಲಿಯುವವರು. ಇವೆಲ್ಲ ನಿಮ್ಮ ಕಣ್ಣಿಗೆ ಮೂಲ ರೂಪವೇ. ಹೊಗೆ ಕಾರಿಕೊಂಡು, ಎಂಟು ಕಿಲೋಮೀಟರಿಗೆ ಒಂದು ಲೀಟರು ಕುಡಿದುಕೊಂಡು ಓಡಿದ ವರ್ಷಗಳಲ್ಲಿ ಒಬ್ಬ ಇನ್ಸ್‌ಪೆಕ್ಟರೂ ತಡೆಯಲಿಲ್ಲ. ಕಮ್ಮಿ ಕುಡಿಯಲು ಶುರುಮಾಡಿದಾಗ ಮಾತ್ರ ಅನುಮಾನ ಬಂತು. ಊರಿನ ಕುಡುಕ ಕುಡಿತ ಬಿಟ್ಟರೆ ಅವನನ್ನು ಠಾಣೆಗೆ ಕರೆಸುತ್ತೀರಾ?

ಫೆಬ್ರವರಿ ಹತ್ತರಂದು ಜಪ್ತಿಯಾಯಿತು. ಸುನಿತಾ ಮತ್ತೆ ಬಸುರಿ. ಕೆ.ಆರ್. ಪೇಟೆಯಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಅತ್ತೆ ಸೊಸೆಯನ್ನು ವಾಪಸು ಕರೆತರುತ್ತಿದ್ದೆ. ನಿಮ್ಮ ಇನ್ಸ್‌ಪೆಕ್ಟರು ದಾರಿಯಲ್ಲಿ ಕೈ ಅಡ್ಡ ಹಿಡಿದು, ಎಂಟು ತಿಂಗಳ ಬಸುರಿಯನ್ನು ರಸ್ತೆಯಲ್ಲಿ ಇಳಿಸಿದರು. ಅತ್ತೆ ಸೊಸೆ ಬಸ್ಸು ಕಾದು ಊರು ಸೇರಿಕೊಂಡರು. ಬಾಟಲಿ, ನಳಿಕೆ, ಸೂಜಿ ಎಲ್ಲ ಬರೆದುಕೊಂಡು ಮಹಜರು ಆಯಿತು. ಆಮೇಲೆ ಜೀಪು ಹೊರಡಲಿಲ್ಲ, ಡೀಸೆಲ್ ಮುಗಿದಿತ್ತು. ಹಾಗಾಗಿ ಜಪ್ತಿಯಾದ ಕಾರನ್ನು ಜಪ್ತಿಯಾದವಳೇ ಓಡಿಸಿಕೊಂಡು, ಜಪ್ತಿ ಮಾಡಿದವರನ್ನು ಹಿಂದೆ ಕೂರಿಸಿಕೊಂಡು ನಿಮ್ಮ ಕಚೇರಿಗೆ ಬಂದಳು. ಹೊರಡುವಾಗ ನಾನು ಬಾಟಲಿಗೆ ನೀರು ತುಂಬಿ ಹನಿ ಬಿಡುವುದನ್ನು ಇನ್ಸ್‌ಪೆಕ್ಟರು ಬಗ್ಗಿ ನೋಡಿದರು. "ಎಷ್ಟು ಹನಿ ಬುಡ್ತೀರಮ್ಮ?" ಎಂದರು. ಹದಿನಾರು ಎಂದೆ. "ನಮ್ ಜೀಪು ಲೀಟ್ರಿಗೆ ಏಳು ಕಿಲೋಮೀಟ್ರು ಕೊಟ್ರೆ ಪುಣ್ಯ ಕಣಮ್ಮ" ಎಂದು ನಿಟ್ಟುಸಿರುಬಿಟ್ಟರು. ಒಳ್ಳೆಯ ಮನುಷ್ಯ, ಕಲಿಯುವ ಆಸೆ ಇತ್ತು. ಕಚೇರಿ ಮುಟ್ಟಿದ ಮೇಲೆ ಅಭ್ಯಾಸಬಲದಿಂದ ನೀರು ಚೆಲ್ಲಿದೆ. ಕಾರು ಒಪ್ಪಿಸಿಕೊಂಡ ರಸೀದಿಯಲ್ಲಿ "ಖಾಲಿ ಗ್ಲೂಕೋಸ್ ಬಾಟಲಿ ಒಂದು, ಮೀಟರ್ ಓಟ 41,862" ಎಂದು ಬರೆದುಕೊಟ್ಟರು.

ಆಯಿತು, ಸುನಿತಾಳ ದಿನ ಹತ್ತಿರ ಬರುತ್ತಿದೆ, ಹಟ ಬೇಡ, ಬಾಟಲಿ ಬಿಚ್ಚಿಕೊಡುತ್ತೇನೆ ಎಂದು ಸ್ಪ್ಯಾನರಿನ ಚೀಲ ಹಿಡಿದು ಬಂದೆ. ನಿಮ್ಮ ಗುಮಾಸ್ತರು ತಡೆದರು. ಬಾಟಲಿ ಈಗ ಸಾಕ್ಷ್ಯವಂತೆ, ಮುಟ್ಟಿದರೆ ಸಾಕ್ಷ್ಯನಾಶವಂತೆ. ಹಾಗಾದರೆ ಕಾರು ಕೊಡಿ, ಮನೆಯಲ್ಲಿ ಬಿಚ್ಚುತ್ತೇನೆ ಎಂದೆ. ಮೂಲ ರೂಪಕ್ಕೆ ಬಾರದೆ ಬಿಡುವಂತಿಲ್ಲವಂತೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಈ ಗಾದೆ ನಿಮ್ಮ ಇಲಾಖೆಯ ನಿಯಮಾವಳಿಯಲ್ಲಿ ಎಷ್ಟನೆಯ ಕಲಮಿನಲ್ಲಿದೆ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಹೋದ ಗುರುವಾರ ನಾಲ್ಕನೆಯ ಸಲ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ. ಕಚೇರಿ ಅಂಗಳದ ಅರಳಿಮರದ ಕೆಳಗೆ ನಿಂತಿದ್ದ ಕಾರನ್ನು ದೂರದಿಂದಲಾದರೂ ನೋಡಿಕೊಂಡು ಹೋಗೋಣವೆಂದು ಹೋದೆ. ಕಾವಲಿನವನು, ಹೆಸರು ಬರೆದರೆ ಪಾಪ ಅವನಿಗೂ ನೋಟೀಸು ಬರುತ್ತದೆ, "ಗಾಡಿ ಅಂಗೇ ನಿಂತದೆ ಕಣಮ್ಮೋ, ಒಂದು ಕಾಗೆನೂ ಮುಟ್ಟಿಲ್ಲ" ಎಂದ. ಕಾಗೆ ಮುಟ್ಟಿಲ್ಲವೆಂಬುದು ನಿಜ. ಮೂರು ವಾರ ಅರಳಿಮರದಡಿ ನಿಂತ ಕಾರಿನ ಮೇಲೆ ಒಂದು ಹಕ್ಕಿಯ ಹಿಕ್ಕೆಯೂ ಇರಲಿಲ್ಲ, ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಗಾಜಿನಲ್ಲಿ ಇಣುಕಿದೆ. ಮೀಟರು 42,119 ತೋರಿಸುತ್ತಿತ್ತು. ನಿಮ್ಮ ಮರದ ಕೆಳಗೆ ನಿಂತಲ್ಲೇ ನನ್ನ ಕಾರು ಇನ್ನೂರೈವತ್ತೇಳು ಕಿಲೋಮೀಟರು ಓಡಿದೆ. ಇದಕ್ಕಿಂತ ದೊಡ್ಡ ಇಂಧನ ಉಳಿತಾಯ ನನ್ನಿಂದಲೂ ಆಗಿರಲಿಲ್ಲ.

ಬಾನೆಟ್ಟು ಎತ್ತಿ ನೋಡಿದೆ, ಕಾವಲಿನವನು ಆ ಕಡೆ ತಿರುಗಿಕೊಂಡ. ನಾನು ಖಾಲಿ ಮಾಡಿಟ್ಟ ಬಾಟಲಿಯಲ್ಲಿ ಮುಕ್ಕಾಲು ಭಾಗ ನೀರಿತ್ತು. ಗಾಳಿಗೆಂದು ನಾನು ಚುಚ್ಚಿದ್ದು ತುಕ್ಕು ಹಿಡಿದ ಸೂಜಿ, ಈಗ ಅದರ ಜಾಗದಲ್ಲಿ ಹೊಸ ಸೂಜಿ ಮಿನುಗುತ್ತಿತ್ತು. ನಾನು ಯಾರ ಮೇಲೂ ಬೆರಳು ತೋರಿಸುವುದಿಲ್ಲ, ಬೆರಳು ತೋರಿಸಿ ಫೋಟೋ ತೆಗೆಸಿಕೊಳ್ಳುವ ಚಾಳಿ ನನಗಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದಷ್ಟೇ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಸಿಟ್ಟಿನ ಜೊತೆಗೆ ಒಂದು ಗಳಿಗೆ ಹೆಮ್ಮೆಯೂ ಆಯಿತು. ನಿಮ್ಮ ಇಲಾಖೆ ಅನಧಿಕೃತ ಎಂದು ಬರೆದದ್ದನ್ನು ನಿಮ್ಮ ಇಲಾಖೆಯವರೇ ನಂಬಿ, ಶ್ರದ್ಧೆಯಿಂದ ಹನಿ ಎಣಿಸಿದ್ದಾರೆ. ಆಮೇಲೆ ಸುನಿತಾ ನೆನಪಾದಳು, ಹೆಮ್ಮೆ ಇಳಿದುಹೋಯಿತು. ನೀವು ಕಾರನ್ನು ಸುಮ್ಮನೆ ನಿಲ್ಲಿಸಿಟ್ಟಿದ್ದರೆ ನಿಯಮದ ಮೇಲೆ ಸಿಟ್ಟು ಬರುತ್ತಿತ್ತು. ಓಡಿಸಿದ್ದೀರಿ, ಆದ್ದರಿಂದ ನಿಮ್ಮ ಮೇಲೆ ಬಂದಿದೆ.

ಸುನಿತಾಳಿಗೆ ಹದಿನೈದರ ನಂತರ ಯಾವ ದಿನವಾದರೂ ನೋವು ಬರಬಹುದು ಎಂದಿದ್ದಾರೆ ಡಾಕ್ಟರು. ಒಮ್ಮೆ ಆಪರೇಷನ್ ಆದ ಹೊಟ್ಟೆ, ಹಳೆಯ ಹೊಲಿಗೆ ತಡೆಯದಿದ್ದರೆ ಈ ಸಲ ಕೂಸಿನ ಜೊತೆ ತಾಯಿಯೂ ಹೋಗುತ್ತಾಳೆ. ನೋವು ಶುರುವಾದ ಮೇಲೆ ಅರ್ಧ ಗಂಟೆಯೂ ತಡಮಾಡುವಂತಿಲ್ಲ. ಅವಳು ದಿನಾ ನಮ್ಮ ಖಾಲಿ ಅಂಗಳ ನೋಡಿಕೊಂಡು ಹೋಗುತ್ತಾಳೆ. ನಿನ್ನೆ ಚಿಕ್ಕಬೋರಮ್ಮ ಬಂದು ಮೆಲ್ಲಗೆ, "ಟ್ರಾಕ್ಟರಿನವನಿಗೆ ಈಗ್ಲೇ ಒಂದ್ ಮಾತು ಏಳಿ ಮಡಗ್ಲಾ ನರ್ಸಮ್ಮ?" ಎಂದಳು. ಸಾಹೇಬರನ್ನು ಕೇಳಿ ಹೇಳುತ್ತೇನೆ ಎಂದೆ. ಆ ಉತ್ತರವನ್ನು ನೀವು ಕೊಡಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹದಿನೈದರೊಳಗೆ ಕಾರು ಬಿಡಿ. ಬಾಟಲಿ ಇಟ್ಟುಕೊಂಡು ಬಿಟ್ಟರೂ ಸರಿ, ದಂಡ ಹಾಕಿ ಬಿಟ್ಟರೂ ಸರಿ, ಆ ಸ್ಟೀಲ್ ಕೊಡ, ಶಾಲು ವಾಪಸು ಬೇಕೆಂದರೂ ಕಳಿಸುತ್ತೇನೆ. ಹೆರಿಗೆ ಮುಗಿದ ಮರುದಿನ ನಾನೇ ತಂದು ನಿಮ್ಮ ಅರಳಿಮರದ ಕೆಳಗೆ ನಿಲ್ಲಿಸುತ್ತೇನೆ, ಕಾನೂನು ಏನು ಹೇಳುತ್ತದೋ ಹೇಳಲಿ. ಬಿಡಲಾಗದಿದ್ದರೆ, ನಿಮ್ಮ ಕಚೇರಿಯಲ್ಲಿ ಹದಿನಾರು ಹನಿ ಎಣಿಸಬಲ್ಲ ಒಬ್ಬರು ಇದ್ದಾರೆ. ಹದಿನೈದನೇ ತಾರೀಖಿನಿಂದ ಕಾರಿನ ಸಮೇತ ಅವರನ್ನು ಚಿಕ್ಕಬೋರಮ್ಮನ ಮನೆಯ ಮುಂದೆ ತಂದು ನಿಲ್ಲಿಸಿ. ಹೇಗೂ ಓಡುತ್ತಿರುವ ಕಾರು, ಒಂದು ಸಲ ಈ ಕಡೆ ಓಡಲಿ.

ಇಂತಿ,
ತಮ್ಮಿಂದಲೇ ಸನ್ಮಾನಿತಳಾಗಿ ತಮ್ಮಿಂದಲೇ ಆಪಾದಿತಳಾದ,
ಮಂಗಳಮ್ಮ, ನಿವೃತ್ತ ದಾದಿ
ಸಂತೆಬಾಚಹಳ್ಳಿ ಹೋಬಳಿ, ಕೆ.ಆರ್. ಪೇಟೆ ತಾಲ್ಲೂಕು
4 ಮಾರ್ಚ್ 1996

ಮರೆತಿದ್ದೆ: ಬಾಟಲಿಗೆ ನೀರು ತುಂಬುವವರಿಗೆ ಒಂದು ಮಾತು ಹೇಳಿ. ಬೋರ್‌ವೆಲ್ ನೀರು ಬೇಡ, ಕುದಿಸಿ ಆರಿಸಿದ ನೀರನ್ನೇ ಹಾಕಲಿ. ಸುನಿತಾಳನ್ನು ಕೂರಿಸಿಕೊಂಡು ಹೊರಡುವ ದಿನ ನಳಿಕೆ ಕಟ್ಟಿಕೊಂಡಿರಬಾರದು.