‘ಬಾ’ ಅಂದರೆ ಬಂದ ಚಿಗರಿ

ಬೇಲಿಯೊಳಗಿನ ಬೇಟೆಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ಮೊದಲು ಖರ್ಚು ಒಪ್ಪಿಸುತ್ತೇನೆ, ಸಿಟ್ಟು ಆಮೇಲೆ. ತೊಂಬತ್ತೆಂಟು ಶನಿವಾರ. ವಾರಕ್ಕೆ ಎರಡರಂತೆ ನೂರಾ ತೊಂಬತ್ತಾರು ಪೆಟ್ಟಿಗೆ ಬಾಳೆಹಣ್ಣು. ಅರ್ಧರ್ಧ ಕಿಲೋದಂತೆ ನಲವತ್ತೊಂಬತ್ತು ಕಿಲೋ ಬೆಲ್ಲ. ಹೋಗಿಬರಲು ನೂರಿಪ್ಪತ್ತು ಮೈಲಿಯಂತೆ ಹನ್ನೊಂದು ಸಾವಿರದ ಏಳುನೂರಾ ಅರವತ್ತು ಮೈಲಿಯ ಡೀಸೆಲ್ಲು. ಆ ಬೇಲಿಯವರು ನನಗೆ ಕೊಟ್ಟ ಕೃತಜ್ಞತಾ ಪತ್ರಕ್ಕೆ ಚೌಕಟ್ಟು ಹಾಕಿಸಿದ್ದು ಮೂವತ್ತೆರಡು ಡಾಲರು. ಇಷ್ಟೆಲ್ಲ ಖರ್ಚು ಮಾಡಿ ನಾನು ಸಾಧಿಸಿದ್ದು ಇಷ್ಟೇ: ಒಂದು ಚಿಗರಿಯನ್ನು, ಅಂದರೆ ಕೃಷ್ಣಮೃಗವನ್ನು, ಬಂದೂಕಿನ ಮುಂದೆ ಮೂವತ್ತು ಅಡಿ ದೂರಕ್ಕೆ ತಂದು ನಿಲ್ಲಿಸಿದೆ. ಆ ಬಂದೂಕಿಗೆ ಅಲ್ಲಿ ಕೂರಲು ಪರವಾನಗಿ ಕೊಟ್ಟವರು ನೀವು. ಅದೇ ಪರವಾನಗಿ ಈ ತಿಂಗಳ ಕೊನೆಗೆ ನವೀಕರಣಕ್ಕೆಂದು ಮತ್ತೆ ನಿಮ್ಮ ಮೇಜಿಗೆ ಬಂದಿದೆ. ಬೇಲಿಯೊಳಗೆ ಕರೆದರೆ ಬರುವ ಚಿಗರಿ ಇನ್ನೊಂದು ಉಳಿದಿದೆ. ಸಹಿ ಹಾಕುವ ಮುಂಚೆ ಇದನ್ನು ಓದಬೇಕು.

ಇದರ ಇಂಗ್ಲಿಷ್ ಪ್ರತಿ ನಿಮಗೆ ಆಗಲೇ ತಲುಪಿದೆ. ಅದನ್ನು ಬರೆದವಳು ಹೇವರ್ಡಿನ ಯೂನಿವರ್ಸಿಟಿಯಲ್ಲಿ ಓದುವ ನನ್ನ ಮಗಳು ಸ್ನೇಹಲ್. ನಾನು ಬೈದದ್ದನ್ನೆಲ್ಲ ತೆಗೆದು, ಅಲ್ಲಲ್ಲಿ ‘ದಯವಿಟ್ಟು’ ಸೇರಿಸಿ, ಮೂರು ಪುಟವನ್ನು ಒಂದು ಪುಟ ಮಾಡಿ ಕಳಿಸಿದ್ದಾಳೆ. ಕನ್ನಡದಲ್ಲಿ ಪೂರ್ತಿ ಬರೆಯುತ್ತಿರುವುದಕ್ಕೆ ಎರಡು ಕಾರಣ. ನನ್ನ ಮಾತು ನಂಬಿ ಕ್ಯುಪರ್ಟಿನೋದಿಂದ ಹಿಡಿದು ಇಲ್ಲಿಯವರೆಗೆ ನಲವತ್ತು ಕನ್ನಡದ ಮನೆಗಳವರು ಆ ಜಾಗಕ್ಕೆ ಹುಲ್ಲಿನ ದುಡ್ಡು ಕೊಟ್ಟಿದ್ದಾರೆ, ಅವರಿಗೆ ನಾನು ಉತ್ತರ ಹೇಳಬೇಕು. ಎರಡನೆಯದು, ಈ ಕೊಲೆಯಲ್ಲಿ ಕನ್ನಡದ ಕೈವಾಡವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ನಾನು ರಾಣೆಬೆನ್ನೂರು ಕಡೆಯವನು. ಮೂವತ್ತು ವರ್ಷದ ಹಿಂದೆ ಇಲ್ಲಿಗೆ ಬಂದಾಗ ಹೇವರ್ಡಿನ ಒಂದು ಗೋದಾಮಿನಲ್ಲಿ ಈರುಳ್ಳಿ ಚೀಲ ಹೊರುತ್ತಿದ್ದೆ. ಈಗ ಅದೇ ಬೀದಿಯಲ್ಲಿ ನನ್ನವೇ ಎರಡು ಗೋದಾಮು ಇವೆ, ದೇಸಿ ಗ್ರೋಸರಿಗಳಿಗೆ ತರಕಾರಿ ಹಣ್ಣು ಸಗಟಾಗಿ ಹಾಕುತ್ತೇನೆ. ಓದಿದ್ದು ಕಡಿಮೆ, ತೂಗಿದ್ದು ಜಾಸ್ತಿ. ನನಗೆ ಟೋಪಿ ಹಾಕಿದವರು ಈ ಬೇ ಏರಿಯಾದಲ್ಲಿ ಇಬ್ಬರೋ ಮೂವರೋ ಇರಬಹುದು. ಆ ಪಟ್ಟಿಗೆ ಈಗ ಒಂದು ಬೋರ್ಡೂ ಸೇರಿದೆ.

ಗಾಳಿಯಂತ್ರಗಳ ಗುಡ್ಡ ದಾಟಿ ದಕ್ಷಿಣಕ್ಕೆ ಇಳಿದರೆ, ಎಂಟು ಅಡಿ ತಂತಿ ಬೇಲಿಯ ಆ ಜಾಗದ ಮುಂದೆ ‘ಗೇಮ್ ಪ್ರಿಸರ್ವ್’ ಅಂತ ಬೋರ್ಡಿದೆ. ಪ್ರಿಸರ್ವ್ ಅಂದರೆ ಕಾಪಾಡುವುದು. ಗೇಮ್ ಅಂದರೆ ಆಟ. ಪ್ರಾಣಿಗಳು ಆಡಿಕೊಂಡಿರಲು ಕಾಪಾಡಿಟ್ಟ ಜಾಗ ಅಂದುಕೊಂಡೆ. ಊರ ಪಕ್ಕದಲ್ಲೇ ಕೃಷ್ಣಮೃಗದ ಅಭಯಾರಣ್ಯ ಇಟ್ಟುಕೊಂಡು ಬೆಳೆದವನ ತಲೆಗೆ, ಗೇಮ್ ಅಂದರೆ ಬೇಟೆಯ ಪ್ರಾಣಿ ಅನ್ನುವ ಇನ್ನೊಂದು ಅರ್ಥ ಹೊಳೆಯಲೇ ಇಲ್ಲ. ನಾಚಿಕೆಯ ಮಾತೆಂದರೆ, ನನ್ನ ಗೋದಾಮಿನಲ್ಲೇ ಸ್ಟ್ರಾಬೆರಿ ಪ್ರಿಸರ್ವ್ ಬಾಟಲಿಗಳು ಸಾಲಾಗಿ ನಿಂತಿವೆ. ಹಣ್ಣನ್ನು ಕೆಡದ ಹಾಗೆ ಇಟ್ಟು, ಬೇಕಾದಾಗ ಮುಚ್ಚಳ ತೆಗೆದು ತಿನ್ನುವುದಕ್ಕೆ ಪ್ರಿಸರ್ವ್ ಅನ್ನುತ್ತಾರೆ ಅಂತ ಗೊತ್ತಿದ್ದೂ ನನಗೆ ತಿಳಿಯಲಿಲ್ಲ.

ಬೇಲಿಯಾಚೆ ಮೊದಲ ಸಲ ನೋಡಿದವಳು ನನ್ನ ಅಕ್ಕ ಶರಣವ್ವ. ಎಪ್ಪತ್ತೊಂದು ವರ್ಷ, ನಮ್ಮ ಜೊತೆಗೇ ಇರುವವಳು. ವ್ಯಾನು ನಿಲ್ಲಿಸು ಅಂತ ನನ್ನ ಭುಜ ಗುದ್ದಿದಳು.

“ತಮ್ಮಾ, ಅವು ನಮ್ಮೂರ ಚಿಗರಿ ಅದಾವಲ್ಲೋ! ಇವಕ್ಕ ವೀಸಾ ಯಾರು ಕೊಟ್ರೋ?”

ಹದಿನೈದಿಪ್ಪತ್ತು ಹೆಣ್ಣು, ಎರಡು ಗಂಡು ಮರಿ. ಎರಡೂ ಇನ್ನೂ ಕಂದು ಬಣ್ಣ. ದೊಡ್ಡದಕ್ಕೆ ಅಕ್ಕ ಅವತ್ತೇ ಕರಿಯಪ್ಪ ಅಂತ ಹೆಸರಿಟ್ಟಳು, ಚಿಕ್ಕದಕ್ಕೆ ಚನ್ನಪ್ಪ. “ಕಂದು ಇರೋದಕ್ಕೆ ಕರಿಯಪ್ಪ ಅಂತಾರಾ ಅತ್ತೆ?” ಅಂತ ಸ್ನೇಹಲ್ ನಕ್ಕಿದ್ದಕ್ಕೆ, “ನೀ ತಡಿ, ಪ್ರಾಯಕ್ಕ ಬಂದ ಮ್ಯಾಲೆ ಬೆನ್ನು ಕರ್ರಗ ಆಗ್ತೈತಿ. ನಾ ಎಷ್ಟು ನೋಡೇನಿ” ಅಂದಳು. ನೋಡಿದ್ದು ನಿಜ. ಹುಡುಗಿಯಾಗಿದ್ದಾಗ ನಮ್ಮ ಕಡಲೆ ಹೊಲಕ್ಕೆ ಚಿಗರಿ ನುಗ್ಗಿದರೆ ಕವಣೆ ಬೀಸಿ, ‘ಹೋ’ ಅಂತ ಕೂಗಿ ಅರ್ಧ ಮೈಲಿ ಅಟ್ಟಿಸಿಕೊಂಡು ಹೋಗುತ್ತಿದ್ದವಳು ಅವಳೇ. ಅಂಥವಳು ಇಲ್ಲಿ ಬೇಲಿಗೆ ಕೈ ತೂರಿಸಿ, ಬೆಲ್ಲ ಸವರಿದ ಬಾಳೆಹಣ್ಣು ಹಿಡಿದು, “ಬಾ ಬಾ ಕರಿಯಪ್ಪಾ, ಬಾರೋ ನನ್ನಪ್ಪಾ” ಅಂತ ರಾಗ ಎಳೆದಳು. ನಾಲ್ಕನೇ ಶನಿವಾರ ಅದು ಬಂತು. ಆಮೇಲೆ ನಮ್ಮ ವ್ಯಾನಿನ ಸದ್ದಿಗೇ ಓಡಿ ಬರುತ್ತಿತ್ತು.

ಅಲ್ಲಿಯ ಮ್ಯಾನೇಜರು ಬಹಳ ವಿನಯದ ಮನುಷ್ಯ. “ಕೈಯಿಂದಲೇ ತಿನ್ನಿಸಿ ಮೇಡಂ, ಅವಕ್ಕೆ ಮನುಷ್ಯರು ಅಭ್ಯಾಸ ಆದರೆ ಒಳ್ಳೆಯದು” ಅನ್ನುತ್ತಿದ್ದ. ಯಾರಿಗೆ ಒಳ್ಳೆಯದು ಅಂತ ನಾನು ಕೇಳಲಿಲ್ಲ. ಒಂದು ಟೊಮೇಟೊ ಪೆಟ್ಟಿಗೆ ಕೊಳ್ಳುವಾಗ ತಳ ಮಗುಚಿ ನೋಡುವ ನಾನು, ಅಲ್ಲಿ ಪುಕ್ಕಟೆ ನಗು ಸಿಕ್ಕಿತೆಂದು ತಳ ನೋಡಲಿಲ್ಲ. ಎರಡನೇ ವರ್ಷ ಕರಿಯಪ್ಪನ ಬೆನ್ನು ಕಪ್ಪಾಗತೊಡಗಿತು. ಅಕ್ಕ ಮನೆಯಲ್ಲಿ ಪಾಯಸ ಮಾಡಿದಳು. ಮ್ಯಾನೇಜರು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಇಬ್ಬರೂ ಒಂದೇ ಬಣ್ಣಕ್ಕೆ ಕಾಯುತ್ತಿದ್ದರು ಅಂತ ಆಗ ನನಗೆ ಗೊತ್ತಿರಲಿಲ್ಲ.

ಅವತ್ತು ಗುರುವಾರ, ಅಮಾವಾಸ್ಯೆ. ನಾವು ಹೋಗುವ ದಿನವಲ್ಲ. ಅಕ್ಕ ಬೆಳಿಗ್ಗೆಯೇ ಹೋಳಿಗೆ ಮಾಡಿ, “ಅಮಾಸಿ ದಿನ ಮೂಕ ಪ್ರಾಣಿಗೆ ಒಂದು ತುಣುಕು ಹಾಕದ ನಾವು ಹೆಂಗ ತಿನ್ನೂದೋ?” ಅಂದಳು. ಕೆಲಸ ಬಿಟ್ಟು ಹೊರಟೆ. ಗೇಟು ತೆರೆದೇ ಇತ್ತು. ಶೆಡ್ಡಿನ ಪಕ್ಕ ವ್ಯಾನು ನಿಲ್ಲಿಸಿ ಅಕ್ಕನನ್ನು ಕೈಹಿಡಿದು ಇಳಿಸುತ್ತಿದ್ದಾಗ ಆಚೆಯಿಂದ ಕನ್ನಡ ಕೇಳಿಸಿತು.

“ಬಾ ಬಾ ಕರಿಯಪ್ಪಾ, ಬಾರೋ ನನ್ನಪ್ಪಾ.”

ಅಕ್ಕನ ಮುಖ ಅರಳಿತು. “ತಮ್ಮಾ, ಯಾರೋ ನಮ್ಮವರು ಬಂದಾರೋ!” ಅಂದಳು.

ಆಮೇಲೆ ಗುಂಡಿನ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮತ್ತೊಂದು.

ನಾನು ಓಡಿ ಹೋಗಿ ನೋಡಿದೆ. ಸಿಪ್ಪೆ ಅರ್ಧ ಸುಲಿದ ಬಾಳೆಹಣ್ಣು ಹಿಡಿದು ನಿಂತಿದ್ದವನು ಮ್ಯಾನೇಜರು. ಅವನ ಹಿಂದೆ ಹುಲ್ಲಿನ ಪೆಂಡಿಗಳ ಮರೆಯಲ್ಲಿ ಮಡಿಚುವ ಕುರ್ಚಿ, ಅದರಲ್ಲಿ ಬಂದೂಕು ಹಿಡಿದ ಒಬ್ಬ ಗಿರಾಕಿ, ಪಕ್ಕದಲ್ಲಿ ಅವನ ಕಾಫಿ ಕಪ್ಪು. ಕರಿಯಪ್ಪ ಎದ್ದು ನಿಲ್ಲಲು ಇನ್ನೂ ನೋಡುತ್ತಿತ್ತು. ಮೂರು ಗುಂಡು ಯಾಕೆ ಬೇಕಾಯಿತೆಂದರೆ ತಲೆಗೆ ಹೊಡೆಯುವಂತಿಲ್ಲ, ತಲೆ ಕೆಟ್ಟರೆ ಗೋಡೆಗೆ ಹಾಕಲು ಬರುವುದಿಲ್ಲವಂತೆ.

ಅಕ್ಕ ನನ್ನ ಹಿಂದೆಯೇ ಬಂದಿದ್ದಳು. ಮ್ಯಾನೇಜರು ಮುಖ ತಪ್ಪಿಸಲಿಲ್ಲ. ಸಂತೋಷದಿಂದ ಅವಳ ಕಡೆ ತಿರುಗಿ, ಇಂಗ್ಲಿಷಿನಲ್ಲಿ, “ಥ್ಯಾಂಕ್ ಯು ಮೇಡಂ, ಬ್ಯೂಟಿಫುಲ್ ಆಗಿ ಬಂತು. ಎಲ್ಲಾ ನಿಮ್ಮ ಟ್ರೇನಿಂಗು” ಅಂದ.

“ಏನಂತಾನ ಅವ?” ಅಂತ ಅಕ್ಕ ನನ್ನನ್ನು ಕೇಳಿದಳು.

ಅವಳು ಬಂದಾಗಿನಿಂದ ಈ ದೇಶದಲ್ಲಿ ಎಲ್ಲರ ಮಾತನ್ನೂ ಅವಳಿಗೆ ತಿರುಗಿಸಿ ಹೇಳಿದವನು ನಾನು. ಅದೊಂದನ್ನು ಹೇಳಲಿಲ್ಲ.

ಮಾನ್ಯರೇ, ನಾನು ನಿಮಗೆ ಅಕ್ಟೋಬರಿನಲ್ಲಿ ದೂರು ಕೊಟ್ಟೆ. ಏಳು ವಾರಕ್ಕೆ ಎರಡು ಪ್ಯಾರಾದ ಉತ್ತರ ಬಂತು. ಅದರ ಪ್ರಕಾರ ಈ ಪ್ರಾಣಿ ಈ ನೆಲದ್ದಲ್ಲ, ಆದ್ದರಿಂದ ಅದು ವನ್ಯಜೀವಿಯಲ್ಲ, ಖಾಸಗಿ ಜಾನುವಾರು. ಅದರ ಬಗ್ಗೆ ನಿಮಗೆ ಹೇಳುವುದೇನೂ ಇಲ್ಲ. ಒಳ್ಳೆಯದು. ಹಾಗಾದರೆ ಜಾನುವಾರು ಕಡಿಯಲು ಕಸಾಯಿಖಾನೆಗೆ ಇರುವ ನಿಯಮ, ಒಂದೇ ಏಟಿಗೆ ಪ್ರಜ್ಞೆ ತಪ್ಪಿಸಬೇಕೆಂಬ ನಿಯಮ, ಇಲ್ಲಿ ಯಾಕಿಲ್ಲ? ಅದಕ್ಕೂ ನಿಮ್ಮ ಎರಡನೇ ಪ್ಯಾರಾ ಸಿದ್ಧವಾಗಿದೆ: ಇಲ್ಲಿ ನಡೆಯುವುದು ವಧೆಯಲ್ಲ, ಬೇಟೆ. ಅಂದರೆ ಬದುಕಿರುವವರೆಗೆ ಅದು ದನ, ಸಾಯುವ ಗಳಿಗೆಯಲ್ಲಿ ಕಾಡುಪ್ರಾಣಿ. ನಮ್ಮೂರ ಅಡತಿ ಅಂಗಡಿಗಳಲ್ಲೂ ಒಂದೇ ಮಾಲಿಗೆ ಎರಡು ಖಾತೆ ಇಡುವವರಿದ್ದರು ಸ್ವಾಮಿ. ಅವರನ್ನು ನಾವು ಅಧಿಕಾರಿಗಳು ಅಂತ ಕರೆಯುತ್ತಿರಲಿಲ್ಲ.

ಈ ನೆಲದ್ದಲ್ಲ ಅಂದಿರಲ್ಲ, ನಾನೂ ಈ ನೆಲದವನಲ್ಲ. ತೆರಿಗೆ ಕಟ್ಟುವಾಗ ನನ್ನನ್ನು ಯಾರೂ ಹಾಗೆ ಅನ್ನಲಿಲ್ಲ.

ನಾನು ಲಿಂಗ ಕಟ್ಟಿದವನು, ಮಾಂಸ ಮುಟ್ಟದವನು, ಆದ್ದರಿಂದ ಬೇಟೆ ಕಂಡರೆ ಉರಿದು ಬೀಳುತ್ತಾನೆ ಅಂತ ನೀವು ತಿಳಿದರೆ ತಪ್ಪು. ನನ್ನ ಟ್ರಕ್ಕಿನ ಡ್ರೈವರ್ ರಮೋನ್ ಪ್ರತಿ ವರ್ಷ ರಜೆ ಹಾಕಿ ಜಿಂಕೆ ಬೇಟೆಗೆ ಹೋಗುತ್ತಾನೆ. ಗುಡ್ಡ ಹತ್ತಿ, ಚಳಿಯಲ್ಲಿ ಮಲಗಿ, ನಾಲ್ಕು ವರ್ಷಕ್ಕೆ ಮೂರು ವರ್ಷ ಖಾಲಿ ಕೈಯಲ್ಲಿ, ನೆಗಡಿ ಹೊತ್ತು ವಾಪಸು ಬರುತ್ತಾನೆ. ಅವನಿಗೆ ನನ್ನ ರಜೆ ಮಂಜೂರು, ಮೇಲೊಂದು ಚೇಷ್ಟೆ. ಆ ಜಿಂಕೆಗೆ ಓಡಲು ಗುಡ್ಡವಿದೆ, ರಮೋನನ ಬೆವರಿನ ವಾಸನೆ ತರುವ ಗಾಳಿಯಿದೆ. ಅದು ಗೆಲ್ಲುತ್ತದೆ ಕೂಡ. ಬೇಲಿಯ ಕತೆ ಕೇಳಿ ರಮೋನ್ ನೆಲಕ್ಕೆ ಉಗಿದ. “ಬಾಸ್, ಅದು ಬೇಟೆ ಅಲ್ಲ. ಡೆಲಿವರಿ” ಅಂದ.

ಅವನ ಮಾತು ಸರಿ ಅನ್ನುವುದಕ್ಕೆ ಅವರ ದರಪಟ್ಟಿಯೇ ಸಾಕ್ಷಿ. ಸ್ನೇಹಲ್ ಅದನ್ನು ಹುಡುಕಿ ನನ್ನ ಮುಂದಿಟ್ಟಳು. ಕಂದು ಬಣ್ಣದ ಗಂಡು ಒಂಬೈನೂರು ಡಾಲರು. ಕಪ್ಪಾದರೆ ಮೂರು ಸಾವಿರದ ಎಂಟುನೂರು. ಕೋಡು ಹದಿನೆಂಟು ಇಂಚು ದಾಟಿದರೆ ಇಂಚಿಗೆ ಇನ್ನೂರು ಹೆಚ್ಚು. ಕರಿಯಪ್ಪನದು ಇಪ್ಪತ್ತು ಇಂಚು. ಕೊನೆಯ ಸಾಲು: ಪ್ರಾಣಿ ಸಿಗದಿದ್ದರೆ ಹಣ ವಾಪಸ್. “ಅಪ್ಪಾ, ನೀವು ಬೋರ್ಡ್ ಓದಿದಾಗ ನನ್ನ ಒಂದ್ಸಲ ಕೇಳಬಹುದಿತ್ತಲ್ಲ, ಜಸ್ಟ್ ಒನ್ಸ್” ಅಂದಳು. ಕೇಳಬಹುದಿತ್ತು. ಸಿಗದಿದ್ದರೆ ಹಣ ವಾಪಸ್ ಅನ್ನುವ ಮಾತನ್ನು ನಾನು ಮಾವಿನಹಣ್ಣಿಗೂ ಕೊಡಲಾರೆ, ಹಣ್ಣಿಗಾದರೂ ಅದರದೇ ಮರ್ಜಿ ಇರುತ್ತದೆ. ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ ಅಂತ ಮೊದಲೇ ರಸೀದಿ ಬರೆದುಕೊಟ್ಟ ಮೇಲೆ, ಆ ಕುರ್ಚಿಯಲ್ಲಿ ಕೂತವನು ಗೆದ್ದದ್ದು ಯಾವುದನ್ನು? ಚಿಗರಿಗೆ ದೇವರು ಕೊಟ್ಟದ್ದು ಓಟವೊಂದೇ. ಎಂಟು ಅಡಿ ತಂತಿ ಹಾಕಿ ಅದನ್ನು ಕಸಿದುಕೊಂಡಿರಿ. ಉಳಿದಿದ್ದ ಭಯವನ್ನು ನಾನು, ನನ್ನ ಅಕ್ಕ ಸೇರಿ ಬೆಲ್ಲ ಕೊಟ್ಟು ಬಿಡಿಸಿದೆವು. ಊರಲ್ಲಿ ಕಲ್ಲು ಬೀಸಿ ಅವನ್ನು ಬದುಕಿಸಿದ್ದಳಲ್ಲ ಆ ಹುಡುಗಿ, ಅದು ಈಗ ನನಗೆ ಅರ್ಥವಾಗುತ್ತಿದೆ.

ರೆಡ್‌ವುಡ್ ಸಿಟಿಯಲ್ಲಿ ಕೆಲಸ ಮಾಡುವ ನಮ್ಮ ಕನ್ನಡ ಕೂಟದ ಆನಂದತೀರ್ಥರು ನನಗೆ ಬುದ್ಧಿ ಹೇಳಿದರು. “ವಿರುಪಾಕ್ಷಪ್ಪನವರೇ, ಅದು ಪ್ರೈವೇಟ್ ಪ್ರಾಪರ್ಟಿ. ಬೇಟೆಯ ಡಿಮಾಂಡು ಇರೋದಕ್ಕೇ ಆ ಪ್ರಾಣಿ ಹುಟ್ಟಿದ್ದು. ಇಲ್ಲದಿದ್ದರೆ ಹುಟ್ಟುತ್ತಲೇ ಇರಲಿಲ್ಲ. ಲಾಜಿಕಲ್ ಆಗಿ ಯೋಚನೆ ಮಾಡಿ.” ಬಹುಶಃ ನಿಮ್ಮ ಕಚೇರಿಯ ಲಾಜಿಕ್ಕೂ ಅದೇ. ನಾನು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹುಟ್ಟಿಸಿದ ಹಕ್ಕಿನ ಮೇಲೆ ಕೊಲ್ಲಬಹುದು ಅನ್ನುವುದಾದರೆ, ಮನೆಯಲ್ಲಿ ಮಕ್ಕಳನ್ನು ಕರೆಯುವಾಗ ಸ್ವಲ್ಪ ದೂರದಿಂದ ಕರೆಯಿರಿ, ಅವರಿಗೆ ಓಡಲು ಜಾಗವಾದರೂ ಇರಲಿ. ಅವರು ಫೋನು ಇಟ್ಟುಬಿಟ್ಟರು.

ಚನ್ನಪ್ಪನನ್ನು ಕೊಂಡುಬಿಡೋಣ ಅಂತಲೂ ಹೋಗಿದ್ದೆ. ಅದರ ಬೆನ್ನೂ ಈಗ ಕಪ್ಪಾಗುತ್ತಿದೆ. ಮೂರು ಸಾವಿರದ ಎಂಟುನೂರನ್ನು ಮೇಜಿನ ಮೇಲೆ ಎಣಿಸಿಟ್ಟೆ. ಮ್ಯಾನೇಜರು ಅದೇ ವಿನಯದಿಂದ ವಿವರಿಸಿದ. ನಾನೇ ಕೂತು ಗುಂಡು ಹಾರಿಸುವುದಾದರೆ ಒಂದು ಪುಟ ತುಂಬಿಸಿ ಸಹಿ ಹಾಕಿದರೆ ಸಾಕಂತೆ, ಇವತ್ತೇ ಆಗುತ್ತದಂತೆ. ಜೀವಂತ ಹೊರಗೆ ಸಾಗಿಸುವುದಾದರೆ ಸಾಗಣೆ ಅನುಮತಿ, ರೋಗ ತಪಾಸಣೆ, ಇಡುವ ಜಾಗದ ಪರಿಶೀಲನೆ, ಒಟ್ಟು ಏಳು ಅರ್ಜಿ; ಏಳೂ ನಿಮ್ಮ ಕಚೇರಿಯವು. ನಾನು ಏಳನ್ನೂ ಹಾಕಿದ್ದೇನೆ. ನಿಜವಾದ ಅಭಯಧಾಮ ನಡೆಸುವವರೊಬ್ಬರು ಜಾಗ ಕೊಡಲು ಒಪ್ಪಿದ್ದಾರೆ, ಅವರ ಪತ್ರವನ್ನೂ ಲಗತ್ತಿಸಿದ್ದೇನೆ. ಈ ಸಲ ತಳ ಮಗುಚಿ ನೋಡಿಯೇ ಬಂದಿದ್ದೇನೆ: ಬೋರ್ಡು ಓದಿ, ಸ್ನೇಹಲ್‌ಗೆ ತೋರಿಸಿ, ಗೋಡೆಗಳ ಮೇಲೆ ತಲೆ ಇವೆಯೋ ಅಂತ ಒಳಗೆಲ್ಲ ಸುತ್ತಿ. ಅರ್ಜಿಗಳು ‘ಪರಿಶೀಲನೆಯಲ್ಲಿವೆ’. ಬೇಟೆಯ ನವೀಕರಣ ಮಾತ್ರ ತಿಂಗಳ ಕೊನೆಗೆ ತಪ್ಪದೆ ಆಗುತ್ತದಂತೆ.

ನನ್ನ ಬೇಡಿಕೆ ಇದು. ಆ ಪರವಾನಗಿಗೆ ಸಹಿ ಹಾಕಬೇಡಿ. ಹಾಕುವುದೇ ನಿಮ್ಮ ನಿರ್ಧಾರವಾದರೆ, ಅದಕ್ಕೂ ಮುಂಚೆ ನನ್ನ ಏಳು ಅರ್ಜಿಗಳಿಗೆ ಹಾಕಿ, ಚನ್ನಪ್ಪ ಬೇಲಿ ದಾಟಲಿ. ಮೇವು ಜೀವಮಾನ ಪೂರ್ತಿ ನನ್ನದು. ಎರಡೂ ಆಗದು ಅಂದರೆ, ಒಂದು ಗುರುವಾರ ಆ ಕುರ್ಚಿಯ ಪಕ್ಕ ನೀವೇ ಬಂದು ನಿಲ್ಲಿ. ಬಾಳೆಹಣ್ಣು ನಾನು ಕೊಡುತ್ತೇನೆ. ಹೇಗೆ ಕರೆಯಬೇಕೆಂದು ಮ್ಯಾನೇಜರು ಹೇಳಿಕೊಡುತ್ತಾನೆ.

ಅಕ್ಕ ಹೇಳಿಕೊಡುವುದಿಲ್ಲ. ಆ ಅಮಾವಾಸ್ಯೆಯಿಂದ ಅವಳ ಬಾಯಲ್ಲಿ ‘ಬಾ’ ಬಂದಿಲ್ಲ. ಊಟಕ್ಕೆ ಕರೆಯುವಾಗ “ಅಡಗಿ ಆಗೇತಿ” ಅಂತಾಳೆ. ಸ್ನೇಹಲ್ ಬಾಗಿಲಲ್ಲಿ ನಿಂತರೆ “ಬಂದ್ಯಾ” ಅಂತಾಳೆ. ಮೊನ್ನೆ ನಾನು ಕೇಳಿಯೇ ಬಿಟ್ಟೆ. “ಕರದರ ಬಂತಲ್ಲೋ ತಮ್ಮಾ” ಅಂದಳು, ಅಷ್ಟೇ.

ಕೊನೆಗೆ, ಯಾರಿಗೆ ಏನು ಸಿಕ್ಕಿತು ಅನ್ನುವುದು. ಕುರ್ಚಿಯಲ್ಲಿ ಕೂತವನಿಗೆ ಗೋಡೆಗೊಂದು ತಲೆ. ಬೇಲಿಯ ಒಡೆಯನಿಗೆ ನಾಲ್ಕು ಸಾವಿರದ ಇನ್ನೂರು ಡಾಲರು. ನಿಮ್ಮ ಕಚೇರಿಗೆ ವರ್ಷದ ಶುಲ್ಕ ನಾನೂರಾ ಎಂಬತ್ತು. ಮ್ಯಾನೇಜರಿಗೆ ಕನ್ನಡದ ಐದಾರು ಮಾತು. ನನಗೆ, ಅವರ ಪತ್ರ ಕಿತ್ತೆಸೆದ ಮೇಲೆ ಉಳಿದ, ಮೂವತ್ತೆರಡು ಡಾಲರಿನ ಒಂದು ಖಾಲಿ ಚೌಕಟ್ಟು. ಅಕ್ಕನಿಗೆ ಏನೂ ಸಿಗಲಿಲ್ಲ, ಇದ್ದ ಒಂದು ಮಾತು ಹೋಯಿತು. ಚನ್ನಪ್ಪನಿಗೆ ಈ ತಿಂಗಳಲ್ಲಿ ಇನ್ನು ಹನ್ನೊಂದು ದಿನ.

ಇಂತಿ,
ನಿಮ್ಮ ಪರವಾನಗಿಯ ಬೇಟೆಗೆ ಎರಡು ವರ್ಷ ಬಾಳೆಹಣ್ಣು ಒದಗಿಸಿದ
ವಿರುಪಾಕ್ಷಪ್ಪ
ತರಕಾರಿ ಸಗಟು ವ್ಯಾಪಾರಿ, ಹೇವರ್ಡ್