ಹಠಮಾರಿ ಹೆಂಗಸರ ರಾಗಿ ಕುಯ್ಲು

ದೊಡ್ಡಮ್ಮ,

ಕೂಗಿದರೆ ಓಗೊಡುವ ದೂರದಲ್ಲಿ ನೀನಿಲ್ಲ, ಗೊತ್ತು. ಆದರೂ ಈ ಸುದ್ದಿಯನ್ನು ಮೊದಲು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಚಿಕ್ಕಂದಿನಲ್ಲಿ ನಾನು ಮುದ್ದೆ ಒಲ್ಲೆ ಎಂದು ತಟ್ಟೆ ತಳ್ಳಿದರೆ, "ಹಠಮಾರಿ ಮುಂಡೇದು" ಎಂದು ಬೈಯುತ್ತಲೇ ತುತ್ತನ್ನು ಸೊಪ್ಪಿನ ಸಾರಿಗೆ ಅದ್ದಿ ತಿನ್ನಿಸುತ್ತಿದ್ದೆ. ಹಾಲು ಕೊಡದ ಎಮ್ಮೆ ಹಠಮಾರಿ, ಹತ್ತದ ಸೌದೆ ಹಠಮಾರಿ, ಬಿಡದ ಕೆಮ್ಮೂ ಹಠಮಾರಿ. ನಿನ್ನ ಬಾಯಲ್ಲಿ ಆ ಮಾತಿಗೆ ಬೈಗುಳಕ್ಕಿಂತ ಮುದ್ದೇ ಹೆಚ್ಚು.

ಕೈಗಾರಿಕೆಗೆಂದು ಸರ್ಕಾರ ಕಿತ್ತುಕೊಳ್ಳಹೊರಟ ಜಮೀನು ಉಳಿಸಿಕೊಳ್ಳಲು ಚನ್ನರಾಯಪಟ್ಟಣದಲ್ಲಿ ನಾವು ಧರಣಿ ಕೂತಾಗ, ಟೆಂಟಿಗೆ ಬಂದ ಭೂಸ್ವಾಧೀನದ ಸಾಹೇಬನ ಬಾಯಲ್ಲಿ ಅದೇ ಮಾತು ಉಗುಳಿನಂತೆ ಬಿತ್ತು. "ಹಠಮಾರಿ ಹೆಂಗಸ್ರು ಕಣ್ರೀ. ರಾಗಿ ಕುಯ್ಲು ಬರ್ಲಿ, ತಾವಾಗೇ ಎದ್ದೋಗ್ತಾರೆ." ನೀನು ಕೂತಲ್ಲಿಂದಲೇ ಕೇಳಿದೆ: "ಏನಪ್ಪಾ, ಹೊಲ ಕೊಡಲ್ಲ ಅಂತ ಗಂಡಸ್ರು ಅಂದ್ರೆ ಛಲಗಾರ್ರು, ನಾವಂದ್ರೆ ಹಠಮಾರಿಗಳಾ? ಆಗ್ಲಿ, ಹಂಗೇ ಬರ್ಕೋ." ಯಾರು ಕಟ್ಟಿದರು ದೊಡ್ಡಮ್ಮ, ಗಂಡಿಗೊಂದು ಹೆಣ್ಣಿಗೊಂದು ಮಾತು ಕೊಡುವ ಈ ನಿಘಂಟು?

ಆದರೆ ಕುಯ್ಲು ಬಂದೇ ಬಂತು. ತೆನೆ ಉದುರುವ ಭಯಕ್ಕೆ ಒಬ್ಬೊಬ್ಬರೇ ಎದ್ದು ಹೋಗಿದ್ದರೆ, ಖಾಲಿ ಟೆಂಟು ನೋಡಿ ಸರ್ವೆಯವರು ಹೊಲಕ್ಕೆ ಇಳಿಯುತ್ತಿದ್ದರು. ಆಗ ನಿನಗೆ ಹೊಳೆದದ್ದು ಮುಯ್ಯಾಳು. "ಕಳೆಗೆ, ನಾಟಿಗೆ ನಿನ್ನ ಹೊಲಕ್ಕೆ ನಾನು, ನನ್ನ ಹೊಲಕ್ಕೆ ನೀನು ಅಂತ ಹೋಗಲ್ವಾ? ಇವತ್ತು ಇಲ್ಲಿ ಕೂತೋಳ ಹೊಲಾನ ನಾಳೆ ಕೂರೋಳು ಕುಯ್ಲಿ." ಬದುವಿನ ಜಗಳಕ್ಕೆ ನಿನ್ನೊಡನೆ ಮಾತು ಬಿಟ್ಟಿದ್ದ ಪಕ್ಕದ ಹೊಲದ ಜಯಮ್ಮನೇ ನಿನ್ನ ರಾಗಿ ಕುಯ್ದಳಲ್ಲ. "ಕುಯ್ದಿದೀನಿ ಅಂತ ಬದು ಬಿಟ್ಕೊಡಲ್ಲ ಕಣೇ" ಎಂದು ಟೆಂಟಿನ ಮುಂದೆ ಕೂಗಿ ಹೋದಳು. ನೀನು ನಕ್ಕು ನಕ್ಕು ಸೆರಗಲ್ಲಿ ಕಣ್ಣೊರೆಸಿಕೊಂಡೆ. ಒಂದು ತೆನೆಯೂ ಹಾಳಾಗಲಿಲ್ಲ, ಟೆಂಟೂ ಖಾಲಿಯಾಗಲಿಲ್ಲ.

ಮುಂದಿನ ಸುಗ್ಗಿಗೆ ನೀನಿರಲಿಲ್ಲ. ಸರದಿ ಮಾತ್ರ ತಪ್ಪಲಿಲ್ಲ. ಇನ್ನೊಂದಿಷ್ಟು ದಿನ ನೀನು ಇದ್ದಿದ್ದರೆ…

ಕೇಳು ದೊಡ್ಡಮ್ಮ. ಸರ್ಕಾರ ನಮ್ಮ ಜಮೀನು ಕೈಬಿಟ್ಟಿದೆ. ಯಾರ ದಯೆಯೂ ಅಲ್ಲ, ನಾವು ಕೂತು ಬಿಡಿಸಿಕೊಂಡದ್ದು. ಸುದ್ದಿ ಬಂದಾಗ ಜಯಮ್ಮ ನಿನ್ನ ಹೊಲದ ಬದುವಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಈಗ ನಂದಗುಡಿ ಕಡೆಯ ಹೊಲಗಳ ಮೇಲೆ ಸರ್ಕಾರದ ಕಣ್ಣು ಬಿದ್ದಿದೆ. ಅಲ್ಲಿಯ ಹೆಂಗಸರೂ ಕೂತಿದ್ದಾರೆ, ಅವರ ರಾಗಿಯೂ ಕುಯ್ಲಿಗೆ ಬಂದಿದೆ. ನಾಳೆ ಬೆಳಿಗ್ಗೆ ಟೆಂಪೊ ಹತ್ತಿ ನಾವೆಲ್ಲ ಹೊರಟಿದ್ದೇವೆ. ನಿನ್ನ ಕುಡುಗೋಲು ಮಸೆಸಿ ಇಟ್ಟುಕೊಂಡಿದ್ದೇನೆ.

ನಿನ್ನ ತಂಗಿಯ ಮಗಳು