ಯಾತರ ಹಿಡಿಕೆ

ಬೀದರ
೯ ನವೆಂಬರ್ ೨೦೨೫, ರವಿವಾರ

ಪ್ರೀತಿಯ ತಂಗಿ ರುಖ್ಸಾರ,

ಅಸ್ಸಲಾಮು ಅಲೈಕುಮ್. ಹೇಗಿದ್ದೀ? ಬೆನ್ನುನೋವು ಕಡಿಮೆಯಾಯಿತೇ? ನಿನ್ನ ಗಂಡ, ನಮ್ಮ ದುಲ್ಹೇಭಾಯಿಯ ಕೆಮ್ಮು ಹೋಯಿತೇ? ಮಗಳು ನಾಹೀದಳಿಗೆ ಬಿದ್ದ ಹಲ್ಲು ಮತ್ತೆ ಬಂದಿತೇ? ಇಲ್ಲಿ ಎಲ್ಲರೂ ಆರಾಮ. ಅಬ್ಬಾಗೆ ಬಿ.ಪಿ. ಗುಳಿಗೆ ನೆನಪಿಸಿದರೆ ಸಿಟ್ಟು, ನೆನಪಿಸದಿದ್ದರೆ ಇನ್ನೂ ಸಿಟ್ಟು. ಅಮ್ಮಿ ಭಾಲ್ಕಿಗೆ ಖಾಲಾ ಮನೆಗೆ ಹೋಗಿದ್ದಾರೆ. ಇಲ್ಲದಿದ್ದರೆ ಪಕ್ಕದಲ್ಲೇ ಕೂತು, ಏನು ಬರೆದೆ ಓದಿ ಹೇಳು ಎಂದು ನನ್ನ ತಲೆ ತಿನ್ನುತ್ತಿದ್ದರು. ಮನೆಯಲ್ಲಿ ಉರ್ದು ಆಡಿದರೂ ನಮ್ಮಿಬ್ಬರಿಗೂ ಬರೆಯಲು ಕೈಗೆ ಬರುವುದು ಕನ್ನಡ ಶಾಲೆಯ ಅಕ್ಷರವೇ. ಈ ಸಲ ಅದು ಒಳ್ಳೆಯದಾಯಿತು, ಅಬ್ಬಾ ಅಮ್ಮಿ ಇಬ್ಬರೂ ಇದನ್ನು ಓದಲಾರರು. ಫೋನು ಹಿಡಿದರೆ ಮನೆ ತುಂಬ ಜನ ಮೇಲೆ ಬೀಳುತ್ತಾರೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಮ್ಮ ಬಿದರಿ ಕಾರ್ಖಾನೆಯ ಸ್ಥಿತಿ ನಿನಗೆ ಗೊತ್ತೇ ಇದೆ. ನಿಮ್ಮ ಅಮೆರಿಕಾದವರು ನಮ್ಮ ಸಾಮಾನಿನ ಮೇಲೆ ಸೇಕಡಾ ಐವತ್ತು ಸುಂಕ ಹಾಕಿದಾಗಿನಿಂದ ಅಲ್ಲಿಯ ವ್ಯಾಪಾರಿಗಳು ಒಬ್ಬೊಬ್ಬರಾಗಿ ಕೈ ಎತ್ತಿಬಿಟ್ಟರು. ಯಾವ ದೇಶ ಯಾರಿಂದ ಎಣ್ಣೆ ಕೊಂಡಿತು ಎಂದು ದೊಡ್ಡವರು ಜಗಳವಾಡಿದರೆ ಪೆಟ್ಟು ಬಿದ್ದದ್ದು ನಮ್ಮ ಬಿದರಿ ಹೂದಾನಿಗೆ. ನನ್ನ ಶಾಲೆಯ ಗೆಳೆಯ ದತ್ತಾತ್ರಿ ನೆನಪಿದ್ದಾನಲ್ಲ, ಔರಾದದ ತೊಗರಿ ರೈತ? ಅವನದು ಇದರ ಉಲ್ಟಾ ಗೋಳು. ಆಫ್ರಿಕಾದಿಂದ, ಬರ್ಮಾದಿಂದ ತೊಗರಿ ಸುಂಕವೇ ಇಲ್ಲದೆ ಬಂದು ಬೀಳುತ್ತಿದೆ, ಅದರ ಮೇಲೆ ಸುಂಕ ಹಾಕಬೇಕು ಎನ್ನುತ್ತಾನೆ. ಅವನಿಗೆ ಸುಂಕ ಬೇಕು, ನನಗೆ ಬೇಡ. ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಒಂದೇ ಸರಕಾರಕ್ಕೆ ಬೈಯುತ್ತೇವೆ.

ಹೀಗಿರುವಾಗ ದೀಪಾವಳಿಗೆ ಮೊದಲು ಅಮೆರಿಕಾದ ಒಬ್ಬ ಹೊಸ ಸಾಹೇಬನಿಂದ ಒಂದು ನಕಾಶೆ ಬಂತು. ಅಂಗೈ ಉದ್ದದ ಎರಡು ತುಂಡು, ತುಸು ಬಾಗಿದವು, ಒಂದೊಂದರಲ್ಲಿ ಎರಡು ತೂತು. ಹೆಸರು ಬರೀ ‘ಹಿಡಿಕೆ’. ಸುಂಕ ಎಷ್ಟಿದ್ದರೂ ತನ್ನದೇ ಎಂದು ಬರೆದಿದ್ದ. ಮಾದರಿ ಒಪ್ಪಿದರೆ ಒಂದು ವರ್ಷ ಮಾಡುವಷ್ಟು ಕೆಲಸ! ನಾನೂ ಅಬ್ಬಾನೂ ಕಪಾಟಿನ ಹಿಡಿಕೆ ಇರಬೇಕು ಎಂದುಕೊಂಡೆವು. ನಮ್ಮಲ್ಲಿ ಅಳತೆ ಕೇಳುತ್ತಾರೆ, ಹೂವೋ ಬಳ್ಳಿಯೋ ಕೇಳುತ್ತಾರೆ, ಯಾತಕ್ಕೆ ಎಂದು ಯಾರು ಕೇಳುತ್ತಾರೆ? ಕಮಠಾಣದ ಮಾಣಿಕ ಎರಕ ಹೊಯ್ದ. ಅಬ್ಬಾ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಹದಿನೈದು ದಿನ ಬೆಳ್ಳಿ ತಂತಿ ಕೂರಿಸಿದರು. ಕೋಟೆಯ ಮಣ್ಣಿನಲ್ಲಿ ಕುದಿಸಿ ಕಪ್ಪು ಏರಿಸಿದ ಮೇಲೆ ನೋಡಬೇಕಿತ್ತು ನೀನು. ಅವರ ಕೈ ಇನ್ನೂ ಸೋತಿಲ್ಲ.

ಹೋದ ರವಿವಾರ ವಿಡಿಯೋದಲ್ಲಿ ನೀನು ರೊಟ್ಟಿ ನೋಡಲು ಒಳಗೆ ಹೋದೆಯಲ್ಲ, ಆಗ ನಾಹೀದಳಿಗೆ ಈ ಜೋಡಿ ತೋರಿಸಿ ಇದೇನು ಹೇಳು ನೋಡೋಣ ಎಂದೆ. ಆಟಕ್ಕೆ ಕೇಳಿದ್ದು. ಆ ಒಂಬತ್ತು ವರ್ಷದ ಹುಡುಗಿ ಕಣ್ಣು ಮಿಟುಕಿಸುವುದರೊಳಗೆ, ಮಾಮೂ, ಇದು ಪಿಸ್ತೂಲಿನದು, ಆ ಕಡೆ ಒಂದು ಈ ಕಡೆ ಒಂದು ಕೂರುತ್ತದೆ ಎಂದಳು. ಗೆಳತಿಯ ಮನೆಯಲ್ಲಿ ನೋಡಿದ್ದಾಳಂತೆ. ಆಮೇಲೆ ಕೇಳದಿದ್ದರೂ ಹೇಳುತ್ತ ಹೋದಳು. ಬಂದೂಕಿನವನು ನುಗ್ಗಿದರೆ ಏನು ಮಾಡಬೇಕೆಂದು ಶಾಲೆಯಲ್ಲಿ ದೀಪ ಆರಿಸಿ, ಬಾಗಿಲಿಗೆ ಕುರ್ಚಿ ಒಡ್ಡಿ, ಮೇಜಿನ ಕೆಳಗೆ ಉಸಿರು ಬಿಗಿಹಿಡಿದು ಕೂರುವುದನ್ನು ಕಲಿಸುತ್ತಾರಂತೆ. ಹೆಜ್ಜೆ ಇಟ್ಟರೆ ಮಿನುಗುವ ದೀಪದ ಬೂಟು ಹಾಕಿಕೊಂಡವರು ಕತ್ತಲಲ್ಲಿ ಕಾಲು ಅಲುಗಿಸಿದರೆ ಬಂದೂಕಿನವನಿಗೆ ಕಾಣುತ್ತದಂತೆ. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದಳು.

ಆಗ ನನಗೆ ಹಳೆಯದು ನೆನಪಾಯಿತು. ಈದ್‌ಗೆ ಅವಳಿಗೆಂದು ಹಿಮ್ಮಡಿ ಮಿನುಗುವ ಬೂಟು ಕೊಂಡು ನಿನಗೆ ಫೋಟೋ ಕಳಿಸಿದ್ದೆ. ‘ದೀಪದ ಬೂಟು ಬೇಡ ಭಾಯಿಜಾನ್’ ಎಂದಷ್ಟೇ ನೀನು ಬರೆದೆ. ನಮ್ಮ ಬೀದರದ ಬೂಟು ಈಗ ಇವಳ ಕಣ್ಣಿಗೆ ಹಿಡಿಸದು ಎಂದು ಅಮ್ಮಿಯ ಮುಂದೆ ಆಡಿಕೊಂಡೆ, ಆರು ತಿಂಗಳು ನಿನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ತಪ್ಪಾಯಿತು ತಂಗಿ. ಆದರೂ ಯಾಕೆ ಎಂದು ಒಂದು ಮಾತು ಹೇಳಬಾರದಿತ್ತೇ?

ನಮ್ಮೂರು ಸಂತರ ಊರೆಂದು ನಾನು ಹೇಳುವುದಿಲ್ಲ. ಈ ವರ್ಷ ಜನವರಿಯಲ್ಲಿ ಇಲ್ಲೂ ಹಾಡಹಗಲೇ ಗುಂಡು ಹಾರಿದಾಗ ಮೊದಲು ಫೋನು ಮಾಡಿ ಅತ್ತವಳು ನೀನೇ. ಆದರೆ ಇಲ್ಲಿ ಹೊಲದ ಕಾಡುಹಂದಿ ಓಡಿಸಲು ದತ್ತಾತ್ರಿ ಇಟ್ಟ ಲೈಸೆನ್ಸಿನ ಬಂದೂಕನ್ನೂ ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ಚೀಟಿ ತರಬೇಕು. ಅವನ ಬಂದೂಕು ಹೊಲಕ್ಕಿಂತ ಹೆಚ್ಚು ಠಾಣೆಯಲ್ಲೇ ಕಾವಲು ಕಾದಿದೆ ಎಂದು ನಾವು ಕಾಡಿಸುತ್ತೇವೆ. ನಿಮ್ಮಲ್ಲಿ ಹೂದಾನಿಗೆ ದುಬಾರಿಯಾದ ಸುಂಕ ಪಿಸ್ತೂಲಿನ ಹಿಡಿಕೆಗೆ ಹಗುರವಾಗುವುದು ಹೇಗೆ, ನನಗಂತೂ ತಿಳಿಯದು.

ಪಿಸ್ತೂಲಿನ ವಿಷಯ ಅಬ್ಬಾಗೆ ಹೇಳಿದ್ದೇನೆ, ಬೂಟಿನ ವಿಷಯ ಹೇಳಿಲ್ಲ. ಅವರು ಕಾರ್ಖಾನೆಯಲ್ಲಿ ಎಲ್ಲರ ಮುಂದೆ, “ನಮ್ಮ ಮುತ್ಯಾ ತಲವಾರಿನ ಹಿಡಕಿಗಿ ಬೆಳ್ಳಿ ಕೂಡಿಸ್ಯಾರ. ಹಿಡಕಿ ಯಾರನ್ನ ಕಡೀತದ?” ಎಂದರು. ಮಾಣಿಕನೂ, “ಕೆಲಸ ಅದ ಅಂದ್ರ ಇರ್ತೇನ್ರಿ ಖಾಲಿದಭಾಯಿ, ಇಲ್ಲಂದ್ರ ಹೈದರಾಬಾದಿಗಿ ವಾಚ್‌ಮನ್ ಆಗಿ ಹೋಗ್ತೇನ್ರಿ” ಎಂದ. ಮೂವತ್ತು ವರ್ಷ ಎರಕ ಹೊಯ್ದ ಕೈ ಅದು. ಅವನನ್ನು ಕಳಿಸಿ ಕಾರ್ಖಾನೆ ನಡೆಸುವುದು ನನ್ನಿಂದಾಗದು. ಸಾಹೇಬನಿಗೆ ಸೋಮವಾರ ಉತ್ತರ ಕೊಡಬೇಕು, ಹೂಂ ಎನ್ನಲೂ ನಾಲಿಗೆ ಏಳದು, ಊಹೂಂ ಎನ್ನಲೂ ಏಳದು.

ನೀನು ಹುಷಾರು. ದುಲ್ಹೇಭಾಯಿಗೆ ಸಲಾಂ, ನಾಹೀದಳ ಹಣೆಗೆ ನನ್ನದೊಂದು ಮುತ್ತು. ನಿಮ್ಮ ಮೂವರಲ್ಲಿ ಬೆಳಗ್ಗೆ ಹೋದವರನ್ನು ಅಲ್ಲಾಹ್ ಸಂಜೆ ಮನೆಗೆ ಮುಟ್ಟಿಸಲಿ.

ನಿನ್ನ ಅಣ್ಣ,
ಖಾಲಿದ

ವಿ.ಸೂ.: ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಚಹಾ ಕುಡಿಯುವಾಗ ತಡೆಯಲಾರದೆ ಅಬ್ಬಾಗೆ ಬೂಟಿನ ಮಾತು ಹೇಳಿಬಿಟ್ಟೆ. ಅರ್ಧ ಕಪ್ ಚಹಾ ಹಾಗೇ ಬಿಟ್ಟು ಕಾರ್ಖಾನೆಗೆ ಹೋದರು. ನಾನು ಹೋಗುವಷ್ಟರಲ್ಲಿ ತಾವು ಕೂರಿಸಿದ ಬೆಳ್ಳಿ ತಂತಿಯನ್ನು ತಾವೇ ಉಳಿಯಿಂದ ಕೀಳುತ್ತಿದ್ದರು. ಮಾಣಿಕ ನನ್ನ ಮುಖ ನೋಡಿದ, ಕುಲುಮೆ ಹೊತ್ತಿಸಿದ. ಎರಡೂ ತುಂಡು ಕರಗಿದವು. “ಬ್ಯಾಡಂತ ಬರಿ” ಎಂದರು ಅಬ್ಬಾ. ಬರೆದೆ. ಮಾಣಿಕ ಹೈದರಾಬಾದಿಗೆ ಹೋಗುತ್ತಾನೋ ಇರುತ್ತಾನೋ, ಕೇಳಲು ನನಗೆ ಧೈರ್ಯವಾಗಲಿಲ್ಲ. ಆ ಬೂಟುಗಳು ಈಗ ಅಬ್ಬಾನ ಮಂಚದ ಕೆಳಗಿವೆ, ಯಾರನ್ನೂ ಮುಟ್ಟಗೊಡುವುದಿಲ್ಲ. ರಜೆಗೆ ನಾಹೀದಳನ್ನು ಕರೆದುಕೊಂಡು ಬಾ. ಇಲ್ಲಿ ದೀಪ ಆರಿಸಿ ಆ ಬೂಟು ಹಾಕಿಕೊಂಡು ಮನೆ ತುಂಬ ಓಡಾಡಲಿ. ಒಂದು ನಂಬರು ದೊಡ್ಡದೇ ಕೊಂಡಿದ್ದೇನೆ, ಆದರೂ ಬೇಗ ಬಾ, ಮಕ್ಕಳ ಕಾಲು ಕಾಯುವುದಿಲ್ಲ.